ಒಳಬೆಳೆದ ಕಾಲುಗುರು: ಶಸ್ತ್ರಕ್ರಿಯೆಯಿಲ್ಲದ ಉಪಚಾರಗಳು

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಉಗುರಿನ ತೊಂದರೆಗೇ ಒಪ್ಪುವ ಸಂದರ್ಭವೊಂದಿದೆ. ಕಾಲಿನ ಹೆಬ್ಬೆರಳಿನ ಉಗುರಿನ ಅಂಚು ಪಕ್ಕದ ಚರ್ಮದೊಳಕ್ಕೆ ಇಳಿದು, ಆ ಭಾಗ ಕೆಂಪೇರಿ ಬಾತುಕೊಂಡು, ಹೊದಿಕೆ ತಾಗಿದರೂ ನೋಯುವ ಸ್ಥಿತಿಯೇ ಒಳಬೆಳೆದ ಉಗುರು. ಇದು ಉಗುರುಸುತ್ತಲ್ಲ, ಆದುದರಿಂದ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವ ಊರಿನ ಉಪಾಯ ಇಲ್ಲಿ ಒದಗದು. ಚುಚ್ಚುತ್ತಿರುವ ಅಂಚು ಚರ್ಮದಿಂದ ದೂರವಾಗಬೇಕು.

ಉಗುರಿನ ಮೂಲೆಗಳನ್ನು ಗುಂಡಗೆ, ತೀರಾ ಗಿಡ್ಡವಾಗಿ ಕತ್ತರಿಸುವುದು ಮತ್ತು ಮುಂಭಾಗ ಬಿಗಿಯಾದ ಪಾದರಕ್ಷೆ ಮುಖ್ಯ ಕಾರಣಗಳು. ಬೆವರಿನಿಂದಲೋ, ಮುಂಬಯಿಯ ಮಳೆಗಾಲದಲ್ಲಿ ದಿನವಿಡೀ ತೊಟ್ಟ ಒದ್ದೆ ಕಾಲುಚೀಲದಿಂದಲೋ ಮೆತ್ತಗಾದ ಚರ್ಮದೊಳಕ್ಕೆ ಉಗುರು ಸುಲಭವಾಗಿ ಇಳಿಯುತ್ತದೆ. ಶಾಲೆ, ಕಾಲೇಜಿಗೆ ಹೋಗುವ ಹದಿಹರೆಯದವರಲ್ಲಿ ಇದು ಹೆಚ್ಚು.

ಆರಂಭದಲ್ಲಿ ಪಾದವನ್ನು ದಿನಕ್ಕೆ 2-3 ಬಾರಿ, 15ರಿಂದ 20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಚೆನ್ನಾಗಿ ಒರೆಸಬೇಕು. ಉಗುರು ಮೆದುವಾದಾಗ ಅಂಚನ್ನು ಮೆಲ್ಲಗೆ ಎತ್ತಿ, ಹತ್ತಿಯ ತೆಳುವಾದ ಎಳೆಯೊಂದನ್ನು ಅದರಡಿ ಸೇರಿಸಿ, ಪ್ರತಿದಿನ ಬದಲಿಸುವುದು ಬಹುಕಾಲದಿಂದ ರೂಢಿಯಲ್ಲಿರುವ ಕ್ರಮ. ಇದಕ್ಕಿಂತ ಸುಲಭವಾದುದು ಪಟ್ಟಿಯ ವಿಧಾನ. ಅಂಟುಪಟ್ಟಿಯ ಒಂದು ತುದಿಯನ್ನು ಉಗುರಿನ ಪಕ್ಕದ ಬಾತ ಚರ್ಮಕ್ಕೆ ಅಂಟಿಸಿ, ಆ ಚರ್ಮವನ್ನು ಉಗುರಿನಿಂದ ಆಚೆಗೆ ಎಳೆದು ಹಿಡಿದು, ಉಳಿದ ಭಾಗವನ್ನು ಬೆರಳಿನ ಅಡಿಯಿಂದ ಓರೆಯಾಗಿ ಸುತ್ತಬೇಕು. ರಕ್ತಸಂಚಾರ ತಡೆಯುವಷ್ಟು ಬಿಗಿ ಕೂಡದು. ಉಗುರನ್ನು ಮುಟ್ಟುವ ಪ್ರಮೇಯವೇ ಇಲ್ಲದ್ದರಿಂದ ಮಕ್ಕಳು ಇದನ್ನು ಸಹಿಸುತ್ತಾರೆ.

ಇಷ್ಟಕ್ಕೆ ಬಗ್ಗದಿದ್ದರೆ, ಉಗುರನ್ನು ಕೀಳದೆ ಗುಣಪಡಿಸುವ ಕ್ರಮಗಳು ವೈದ್ಯರ ಬಳಿಯೂ ಇವೆ. ಬೆರಳನ್ನು ಮರಗಟ್ಟಿಸಿ, ಡ್ರಿಪ್ ಕೊಡುವಂಥ ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ಉದ್ದಕ್ಕೆ ಸೀಳಿ, ಉಗುರಿನ ಅಂಚಿಗೆ ತೋಡಿನಂತೆ ತೊಡಿಸುತ್ತಾರೆ. ಅಂಚು ಚರ್ಮವನ್ನು ದಾಟಿ ಬೆಳೆಯುವವರೆಗೆ ಅದು ಅಲ್ಲಿಯೇ ಇರುತ್ತದೆ. ಹಲ್ಲಿನ ತಂತಿಯಂತೆ ಉಗುರನ್ನು ನಿಧಾನವಾಗಿ ಎತ್ತುವ ಪಟ್ಟಿಗಳೂ ಉಂಟು. ಕಾಲುಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ತಾಳ್ಮೆ ಅನಿವಾರ್ಯ.

ಉಗುರಿನ ನಡುವೆ ತ್ರಿಕೋನಾಕಾರವಾಗಿ ಕತ್ತರಿಸಿದರೆ ಅಂಚುಗಳು ಮಧ್ಯಕ್ಕೆ ಸರಿಯುತ್ತವೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಉಗುರು ಬೆಳೆಯುವುದು ಬುಡದಿಂದ. ತುದಿಯಲ್ಲಿ ಏನು ಮಾಡಿದರೂ ಅದರ ದಿಕ್ಕು ಬದಲಾಗದು. ಮೂಲೆಯನ್ನು ಅಗೆದು ತೆಗೆಯುವುದು ಇನ್ನೂ ಕೆಟ್ಟದ್ದು, ಒಳಗುಳಿದ ಮೊನಚಾದ ಚೂರು ಮುಳ್ಳಿನಂತೆ ನಾಟಿಕೊಳ್ಳುತ್ತದೆ.

ಕೀವು ಕಂಡರೆ, ಕೆಂಪು ಹರಡಿದರೆ, ಜ್ವರ ಬಂದರೆ ಅಥವಾ ಪಕ್ಕದಲ್ಲಿ ರಕ್ತ ಒಸರುವ ಮಾಂಸ ಬೆಳೆದರೆ ಮನೆಮದ್ದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಧುಮೇಹಿಗಳೂ ಕಾಲಿನ ರಕ್ತಸಂಚಾರ ಕುಂದಿದವರೂ ಮೊದಲ ದಿನವೇ ಹೋಗತಕ್ಕದ್ದು. ಅವರಲ್ಲಿ ಅನೇಕರ ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಬಿಸಿನೀರು ಸುಟ್ಟರೂ ತಿಳಿಯದು, ಸಣ್ಣ ಗಾಯವೂ ಬೆರಳನ್ನೇ ಕಳೆದುಕೊಳ್ಳುವಲ್ಲಿಗೆ ಮುಟ್ಟಬಹುದು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರ ಪಾದಗಳನ್ನು ದಿನಕ್ಕೊಮ್ಮೆ ಒಳ್ಳೆಯ ಬೆಳಕಿನಲ್ಲಿ ಮತ್ತೊಬ್ಬರು ನೋಡಬೇಕು. ಉಗುರನ್ನು ನೇರವಾಗಿ, ಮೂಲೆಗಳನ್ನು ಉಳಿಸಿ, ಅವರೇ ಕತ್ತರಿಸಿಕೊಡುವುದು ಲೇಸು.