ಗುಮ್ಮನಿಂದ ಜೀವನ ಕೌಶಲದವರೆಗೆ

ಮಗು ಹಠ ಹಿಡಿದರೆ ಗುಮ್ಮನನ್ನು ಕರೆಯುವುದು ಕನ್ನಡದ ಮನೆಗಳ ಹಳೆಯ ಮದ್ದು. ಹದಿನಾರನೆಯ ಶತಮಾನದ ಪುರಂದರದಾಸರ ಬಾಲಕೃಷ್ಣನೂ ಗುಮ್ಮನಿಗೆ ಅಂಜಿ, ಇನ್ನು ಮಕ್ಕಳನ್ನು ಹೊಡೆಯುವುದಿಲ್ಲ, ಮಣ್ಣು ತಿನ್ನುವುದಿಲ್ಲ ಎಂದು ತಾಯಿಗೆ ಮಾತು ಕೊಡುತ್ತಾನೆ. ಹೆದರಿಕೆ ಹಠವನ್ನು ಅಡಗಿಸುತ್ತದೆ, ನಿಜ. ಆದರೆ ಹಠವನ್ನು ಕೆರಳಿಸಿದ್ದು ಹಸಿವೋ, ನಿದ್ದೆಗೇಡೋ, ತಮ್ಮನ ಮೇಲಿನ ಹೊಟ್ಟೆಕಿಚ್ಚೋ ಎಂಬುದು ತಾಯಿಗೂ ತಿಳಿಯುವುದಿಲ್ಲ, ಮಗುವಿಗೂ ತಿಳಿಯುವುದಿಲ್ಲ.

ಇಂಥ ಪ್ರಶ್ನೆಗಳಿಗೆ ನಮ್ಮಲ್ಲಿ ಶಾಸ್ತ್ರದ ನೆಲೆ ದೊರೆತದ್ದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದಾಗ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ಜನ ಹೆಚ್ಚಾಗಿ ನೆನೆಯುವುದು ಮೈಸೂರಿನ 'ಆಕಾಶವಾಣಿ'ಯ ಸ್ಥಾಪಕರೆಂದು! ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು 1954ರಲ್ಲಿ. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು.

ಅದೇ 1954ರಲ್ಲಿ ನಗರದ ಇನ್ನೊಂದು ತುದಿಯ ಜಾಲಹಳ್ಳಿಯಲ್ಲಿ ಬಿ.ಇ.ಎಲ್. ಹುಟ್ಟಿತು. ಎಚ್.ಎಂ.ಟಿ. ಅದಕ್ಕೆ ಒಂದು ವರ್ಷ ಹಿರಿಯದು. ಕಾರ್ಖಾನೆಗಳ ಜತೆ ವಸತಿ ಬಡಾವಣೆಗಳೂ ಬಂದವು. ನಾನಾ ಊರುಗಳಿಂದ ಬಂದ ಸಂಸಾರಗಳಲ್ಲಿ ಅಜ್ಜಿಯ ಮಡಿಲು ಊರಲ್ಲೇ ಉಳಿಯಿತು. ರಾತ್ರಿಪಾಳಿ ಮುಗಿಸಿದ ತಂದೆ ಹಗಲು ಮಲಗಿದರೆ ಮಗು ಸದ್ದು ಮಾಡುವಂತಿಲ್ಲ. ಸಿಟ್ಟು ಕರಗುವ ಜಗಲಿ, ಹಿತ್ತಿಲುಗಳೂ ಕಿರಿದಾದವು. ಅಜ್ಜಿ ಮಾಡುತ್ತಿದ್ದ ಕೆಲಸ ಕ್ರಮೇಣ ಶಾಲೆಯ ಪಾಲಿಗೆ ಬಂತೆಂದರೆ ತಪ್ಪಾಗದು. ಶಾಲೆಯ ಬಳಿ ಇದ್ದದ್ದಾದರೋ ಬೆತ್ತ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದ್ದು 2009ರಲ್ಲಿ.

ಬೆತ್ತದ ಬದಲಿಗೆ ಏನು? ವಿಶ್ವ ಆರೋಗ್ಯ ಸಂಸ್ಥೆ ತೊಂಬತ್ತರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳಲ್ಲಿ ಭಾವನೆಗಳನ್ನು ನಿಭಾಯಿಸುವುದೂ ಒಂದು. ನಿಮ್ಹಾನ್ಸ್‌ನ ತಜ್ಞರು ಇದನ್ನು ಪ್ರೌಢಶಾಲೆಗಳಿಗೆ ಒಗ್ಗಿಸಿದರು. ಉಪನ್ಯಾಸವಲ್ಲ, ಆಟ, ಚರ್ಚೆ, ಪಾತ್ರಾಭಿನಯ. ಅದನ್ನು ನಡೆಸುವವರು ಹೊರಗಿನ ವೈದ್ಯರಲ್ಲ, ತರಬೇತಿ ಪಡೆದ ಶಾಲೆಯ ಶಿಕ್ಷಕರೇ. ಯಾವ ಮಾತು ತನ್ನನ್ನು ಕೆರಳಿಸುತ್ತದೆ, ಆಗ ಎದೆ ಹೇಗೆ ಬಡಿದುಕೊಳ್ಳುತ್ತದೆ, ಕೈ ಎತ್ತುವ ಮುನ್ನ ಏನು ಮಾಡಬಹುದು ಎಂದು ಹೇಳಿಕೊಳ್ಳಲು ಮಕ್ಕಳಿಗೆ ಇಂಥ ತರಗತಿಯಲ್ಲಿ ಎಡೆ ಸಿಗುತ್ತದೆ. ಸಿಟ್ಟಿಗೆ ಹೆಸರು ಸಿಕ್ಕರೆ ಅದು ಅರ್ಧ ಇಳಿದಂತೆ.

ಈ ಪ್ರಯೋಗದ ಮೌಲ್ಯಮಾಪನ 2010ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮದಲ್ಲಿದ್ದ 605 ವಿದ್ಯಾರ್ಥಿಗಳನ್ನು ಅದರ ಹೊರಗಿದ್ದ 423 ಮಂದಿಯೊಡನೆ ಹೋಲಿಸಿದಾಗ, ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಿಕ್ಷಕರೊಡನೆ ಹೊಂದಾಣಿಕೆ ಎಲ್ಲವೂ ಮೇಲಾಗಿದ್ದವು. ಆದರೆ ಮನೆಯೊಳಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ತರಗತಿಗೆ ಬಂದವರು ಮಕ್ಕಳು, ತಂದೆತಾಯಿಗಳಲ್ಲವಲ್ಲ! ಅನೇಕ ಮನೆಗಳಲ್ಲಿ ಗುಮ್ಮನ ಜಾಗಕ್ಕೆ ಪೊಲೀಸರೂ ಡಾಕ್ಟರ ಸೂಜಿಯೂ ಬಂದಿವೆ, ಅಷ್ಟೆ.