ಪೂರಿ ಯಾರ ಪಂಕ್ತಿಯದು?

ಪೂರಿ, ಆಲೂಗಡ್ಡೆ ಪಲ್ಯ, ಉಪ್ಪಿನಕಾಯಿ. ಇದನ್ನು 'ಭಾರತೀಯ ಸಂಪ್ರದಾಯದ ಊಟ' ಅಂತ ಹಾಡಿ ಹೊಗಳುವವರನ್ನು ನಾವು ಕೇಳಬೇಕಾದ್ದು ಒಂದೇ: ಯಾರ ಸಂಪ್ರದಾಯ, ಯಾರ ಊಟ?

ಉತ್ತರ ಭಾರತದ ಸವರ್ಣೀಯರು ಅಡುಗೆಯಲ್ಲೂ ಜಾತಿ ಮಾಡಿದರು. ನೀರಲ್ಲಿ ಬೆಂದ ಅನ್ನ, ಬೇಳೆ 'ಕಚ್ಚಾ'. ತುಪ್ಪದಲ್ಲಿ ಕರಿದ ಪೂರಿ 'ಪಕ್ಕಾ'. ಕಚ್ಚಾ ಊಟ ಸ್ವಜಾತಿಯವರ ಇಲ್ಲವೆ ಮೇಲಿನವರ ಕೈಯಿಂದ ಮಾತ್ರ. ಪಕ್ಕಾ ಊಟಕ್ಕೆ ಕೊಂಚ ಸಡಿಲ. ಯಾಕಂದರೆ ಹಸುವಿನ ತುಪ್ಪ ಮಡಿ. ಮದುವೆಗೆ, ಪ್ರಯಾಣಕ್ಕೆ ಪೂರಿ ಒದಗಿದ್ದು ಹೀಗೆ. ಆದರೆ ಈ ಸಡಿಲ ಅಸ್ಪೃಶ್ಯರ ಕೇರಿಯ ತನಕ ಬರಲಿಲ್ಲ. ಎಷ್ಟು ತುಪ್ಪ ಸುರಿದರೂ ಅವರ ಕೈಯ ಪೂರಿ 'ಪಕ್ಕಾ' ಆಗಲಿಲ್ಲ.

ಅವರು ತುಪ್ಪ ಉಣ್ಣುವುದೇ ಅಪರಾಧವಾಗಿತ್ತು. ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ತುಪ್ಪದ ಊಟ ಹಾಕಿದ. ಸವರ್ಣೀಯರು ಲಾಠಿ ಹಿಡಿದು ನುಗ್ಗಿ, ಊಟ ಕೆಡಿಸಿ, ಉಣ್ಣುತ್ತಿದ್ದವರನ್ನು ಬಡಿದರು. ಅಂಬೇಡ್ಕರರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ದಾಖಲಿಸಿದ್ದಾರೆ.

ಹಾಗಾದರೆ ಪೂರಿ ಕೇರಿಗೆ ಬಂದದ್ದು ಹೇಗೆ? ಎಂಜಲಾಗಿ. ಓಂಪ್ರಕಾಶ್ ವಾಲ್ಮೀಕಿ ಅವರ ಆತ್ಮಕಥೆ 'ಜೂಠನ್' (1997) ಇದಕ್ಕೆ ಸಾಕ್ಷಿ. ಮದುವೆಯ ಎಂಜಲೆಲೆಗಳ ಪೂರಿ ಚೂರುಗಳನ್ನು ಬಿಸಿಲಿಗೆ ಒಣಗಿಸಿ ಇಡುತ್ತಿದ್ದರು. ಮಳೆಗಾಲದ ಹಸಿವಿನ ದಿನಗಳಲ್ಲಿ ನೆನೆಸಿ, ಕುದಿಸಿ, ಖಾರದ ಪುಡಿ, ಉಪ್ಪು ಉದುರಿಸಿ ತಿನ್ನುತ್ತಿದ್ದರು.

ಈಗ ಪೌಷ್ಟಿಕತೆಯ ಮಾತು. ಕರಿಯುವಾಗ ಹಿಟ್ಟಿನ ನೀರು ಆವಿಯಾಗಿ ಎಣ್ಣೆ ಒಳಸೇರುತ್ತದೆ. ಒಂದು ಗ್ರಾಂ ಪಿಷ್ಟಕ್ಕೆ 4 ಕಿಲೋಕ್ಯಾಲೊರಿಯಾದರೆ ಒಂದು ಗ್ರಾಂ ಕೊಬ್ಬಿಗೆ 9. ಉಂಡು ತೇಗಿದವನಿಗೆ ಇದು ಬೊಜ್ಜು, ಹಸಿದವನಿಗೆ ಜೀವ. ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ. ಜೊತೆಗೆ ಕಡಲೆಯೋ ಬೇಳೆಯೋ ಇದ್ದರೆ ಆ ಕೊರತೆ ತುಂಬುತ್ತದೆ. ಖಾರ, ಉಪ್ಪು ತುಂಬಲಾರವು. ನೀರು ಕಡಿಮೆಯಾದ ಪೂರಿ ಬೇಗ ಹಳಸುವುದಿಲ್ಲ, ಒಣಗಿಸಿದರೆ ಇನ್ನೂ ಬಾಳುತ್ತದೆ. ಒಬ್ಬನಿಗೆ ಅದು ಪ್ರಯಾಣದ ಬುತ್ತಿ, ಇನ್ನೊಬ್ಬನಿಗೆ ಎಂಜಲಿನ ದಾಸ್ತಾನು. ಪೂರಿಯ ಗುಣ ಒಂದೇ. ಬೇರೆ ಮಾಡಿದ್ದು ಜಾತಿ. ಪೋಷಕಾಂಶದ ಪಟ್ಟಿಗಳಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

2004ರಲ್ಲಿ ಸುಪ್ರೀಂ ಕೋರ್ಟು ಶಾಲೆಯ ಬಿಸಿಯೂಟಕ್ಕೆ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಬೇಕೆಂದಿತು. ಇದು ಬರೀ ನೌಕರಿಯ ಪ್ರಶ್ನೆಯಲ್ಲ. ದಲಿತ ಹೆಂಗಸಿನ ಕೈಯಲ್ಲಿ, ನೀರಲ್ಲಿ ಬೆಂದ ಅನ್ನವನ್ನು, ಅಂದರೆ ಆ 'ಕಚ್ಚಾ'ವನ್ನೇ, ಊರಿನ ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಪ್ರಶ್ನೆ. ಸಂಪ್ರದಾಯದ ಊಟದ ಬಗ್ಗೆ ಮಾತಾಡೋರು ಮೊದಲು ಆ ಪಂಕ್ತಿಯಲ್ಲಿ ಬಂದು ಕೂರಲಿ.