ಯುನಿಕ್ಸ್ ಗಣಕದಲ್ಲಿ ಮೋಡೆಮ್: ಒಂದೇ ತಂತಿ, ಎರಡು ದ್ವಾರ

ಗಣಕಯಂತ್ರದ ಅಂಕೀಯ ಸಂಕೇತಗಳನ್ನು ದೂರವಾಣಿ ತಂತಿಯಲ್ಲಿ ಸಾಗಬಲ್ಲ ಧ್ವನಿಯಾಗಿಯೂ, ಧ್ವನಿಯನ್ನು ಮರಳಿ ಸಂಕೇತಗಳಾಗಿಯೂ ಪರಿವರ್ತಿಸುವ ಸಾಧನವೇ ಮೋಡೆಮ್. ಬ್ರಾಡ್‌ಬ್ಯಾಂಡ್ ವ್ಯಾಪಿಸುವ ಮುನ್ನ ಯುನಿಕ್ಸ್ ಗಣಕಗಳು ದೂರದ ಬಳಕೆದಾರರೊಡನೆ ಸಂಪರ್ಕ ಸಾಧಿಸಲು ಬಹುಮಟ್ಟಿಗೆ ಇದನ್ನೇ ನೆಚ್ಚಿಕೊಂಡಿದ್ದವು. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿದಾಗ, 'ಷೆಲ್ ಖಾತೆ' ಪಡೆದವರು ಮೋಡೆಮ್ ಮೂಲಕ ಕರೆ ಮಾಡಿ ಪ್ರವೇಶಿಸುತ್ತಿದ್ದುದು ಯುನಿಕ್ಸ್ ಗಣಕವನ್ನೇ.

ಒಂದೇ ಮೋಡೆಮ್ ಹೊರಗಿನ ಕರೆಯನ್ನು ಸ್ವೀಕರಿಸಬೇಕು, ಹೊರಕ್ಕೆ ಕರೆಯನ್ನೂ ಮಾಡಬೇಕು. ಈ ಎರಡು ಕೆಲಸಗಳು ಪರಸ್ಪರ ಅಡ್ಡಿಯಾಗದಂತೆ ನೋಡಿಕೊಳ್ಳುವುದೇ ವ್ಯವಸ್ಥಾಪಕನ ಮುಂದಿದ್ದ ಸವಾಲು. ಸನ್ ಮೈಕ್ರೋಸಿಸ್ಟಮ್ಸ್ ವರ್ಕ್‌ಸ್ಟೇಷನ್‌ಗಳ ಸನ್‌ಒಎಸ್ 4 ಇದಕ್ಕೆ ಉತ್ತಮ ನಿದರ್ಶನ.

ಎರಡು ಹೆಸರುಗಳು

ಸನ್‌ಒಎಸ್‌ನಲ್ಲಿ ಒಂದೇ ಸೀರಿಯಲ್ ಪೋರ್ಟ್‌ಗೆ ಎರಡು ಹೆಸರು. ಒಳಬರುವ ಕರೆಗೆ 'ಟಿಟಿವೈಡಿ0', ಹೊರಹೋಗುವ ಕರೆಗೆ 'ಸಿಯುಎ0'. ಎರಡನೆಯದನ್ನು 'ಎಂಕೆನಾಡ್' ಆದೇಶದಿಂದ ಸೃಷ್ಟಿಸಬೇಕು. ಮೊದಲನೆಯದರ ಮೈನರ್ ಸಂಖ್ಯೆಗೆ 128 ಕೂಡಿಸಿದರೆ ಇದರ ಸಂಖ್ಯೆ ದೊರೆಯುತ್ತದೆ.

ಲಾಗಿನ್ ಕೇಳುವ 'ಗೆಟ್ಟಿ' ಎಂಬ ತಂತ್ರಾಂಶವು ಮೊದಲ ಹೆಸರಿನ ಪೋರ್ಟನ್ನು ತೆರೆಯಲು ಯತ್ನಿಸಿ, ಮೋಡೆಮ್‌ನಿಂದ 'ಕ್ಯಾರಿಯರ್' ಸಂಕೇತ ಬರುವವರೆಗೆ ಕಾದು ಕುಳಿತಿರುತ್ತದೆ. ಎರಡನೆಯ ಹೆಸರಿನ ಪೋರ್ಟ್ ಮಾತ್ರ ಈ ಸಂಕೇತಕ್ಕೆ ಕಾಯದೆ ತೆರೆದುಕೊಳ್ಳುತ್ತದೆ. 'ಟಿಪ್' ತಂತ್ರಾಂಶವು ಹೊರಕ್ಕೆ ಕರೆ ಮಾಡುತ್ತಿರುವಷ್ಟು ಕಾಲ ಗೆಟ್ಟಿ ತಡೆಹಿಡಿಯಲ್ಪಟ್ಟಿರುತ್ತದೆ. ಒಳಕರೆ ನಡೆಯುತ್ತಿದ್ದರೆ ಟಿಪ್‌ಗೆ ದೊರೆಯುವ ಉತ್ತರ, ಪೋರ್ಟ್ ಬಿಡುವಿಲ್ಲ ಎಂಬುದು.

ಮೋಡೆಮ್‌ಗೆ ಆದೇಶಗಳು

ಹೇಯ್ಸ್ ಮಾದರಿಯ ಮೋಡೆಮ್‌ಗೆ 'ಎಟಿ' ಅಕ್ಷರಗಳಿಂದ ಆರಂಭವಾಗುವ ಆದೇಶಗಳನ್ನು ನೀಡಲಾಗುತ್ತದೆ. 'ಎಸ್0=1' ಎಂದರೆ ಮೊದಲ ಗಂಟೆಗೇ ಉತ್ತರಿಸು. '&ಸಿ1' ಎಂದರೆ ನಿಜವಾಗಿ ಸಂಪರ್ಕವಿದ್ದಾಗ ಮಾತ್ರ ಕ್ಯಾರಿಯರ್ ಸಂಕೇತ ತೋರು. '&ಡಿ2' ಎಂದರೆ ಗಣಕವು ತನ್ನ ಸಿದ್ಧತೆಯ ಸಂಕೇತವನ್ನು ಹಿಂತೆಗೆದುಕೊಂಡರೆ ಕರೆಯನ್ನು ಕಡಿದುಹಾಕು. 'ಇ0' ಮತ್ತು 'ಕ್ಯೂ1' ಮೋಡೆಮ್‌ನ ಮರುನುಡಿಯನ್ನೂ ಉತ್ತರಗಳನ್ನೂ ನಿಲ್ಲಿಸುತ್ತವೆ. ಇಲ್ಲವಾದರೆ ಮೋಡೆಮ್ ಹೇಳುವ 'ಕನೆಕ್ಟ್' ಎಂಬ ಪದವನ್ನೇ ಗೆಟ್ಟಿ ಬಳಕೆದಾರನ ಹೆಸರೆಂದು ಭಾವಿಸಬಹುದು. ಕೊನೆಗೆ '&ಡಬ್ಲ್ಯು' ಈ ಎಲ್ಲವನ್ನೂ ಮೋಡೆಮ್‌ನ ಸ್ಮೃತಿಯಲ್ಲಿ ಉಳಿಸುತ್ತದೆ. ಹೊರಕ್ಕೆ ಕರೆ ಮಾಡುವ ತಂತ್ರಾಂಶಕ್ಕೆ ಆ ಉತ್ತರಗಳು ಬೇಕಾದ್ದರಿಂದ, ಅದು ಕರೆಗೆ ಮುನ್ನ ಅವುಗಳನ್ನು ಮತ್ತೆ ಚಾಲನೆಗೊಳಿಸಿಕೊಳ್ಳಬೇಕು.

ತೆರೆದ ಬಾಗಿಲಿನ ಅಪಾಯ

ಇಲ್ಲಿನ ಒಂದು ಸಣ್ಣ ತಪ್ಪಿಗೂ ಬೆಲೆ ದೊಡ್ಡದು. ಕ್ಯಾರಿಯರ್ ಸಂಕೇತ ಸದಾ ಇದೆಯೆಂದು ಗಣಕ ನಂಬಿದರೆ, ಕರೆ ಮಧ್ಯದಲ್ಲಿ ಕಡಿದುಹೋದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಹಿಂದಿನ ಬಳಕೆದಾರನ ಪ್ರವೇಶ ಹಾಗೆಯೇ ಉಳಿದು, ಮುಂದೆ ಕರೆ ಮಾಡಿದ ಅಪರಿಚಿತನು ಗುಪ್ತಪದವಿಲ್ಲದೆಯೇ ಆ ಖಾತೆಯೊಳಗೆ ಕಾಲಿಡಬಹುದು. ಆದ್ದರಿಂದ 'ಟಿಟಿವೈಟ್ಯಾಬ್' ಕಡತದಲ್ಲಿ ಆ ಪೋರ್ಟಿನ ಸಾಲಿನಿಂದ 'ಲೋಕಲ್' ಎಂಬ ಪದವನ್ನು ತೆಗೆಯಬೇಕು. 'ಸೆಕ್ಯೂರ್' ಪದವನ್ನೂ ತೆಗೆದರೆ, ಸರ್ವಾಧಿಕಾರದ 'ರೂಟ್' ಖಾತೆಗೆ ದೂರವಾಣಿಯಿಂದ ನೇರ ಪ್ರವೇಶ ತಪ್ಪುತ್ತದೆ. ಸಿಯುಎ0 ಕಡತದ ಒಡೆತನವನ್ನು 'ಯುಯುಸಿಪಿ' ಖಾತೆಗೆ ಒಪ್ಪಿಸಿ ಇತರರ ಅನುಮತಿಯನ್ನು ಹಿಂತೆಗೆದುಕೊಂಡರೆ, ಯಾರೆಂದರವರು ಸಂಸ್ಥೆಯ ಖರ್ಚಿನಲ್ಲಿ ಕರೆ ಮಾಡುವುದು ನಿಲ್ಲುತ್ತದೆ.

ಎಲ್ಲವೂ ಸಿದ್ಧವಾದ ಮೇಲೆ ಪರೀಕ್ಷೆ ಸರಳ. ಹೊರಗಿನಿಂದ ಕರೆ ಮಾಡಿ, ಲಾಗಿನ್ ಆಗಿ, ಲಾಗ್‌ಔಟ್ ಮಾಡದೆ ಕರೆಯನ್ನು ಕಡಿದು, ಮತ್ತೆ ಕರೆ ಮಾಡಬೇಕು. ಆಗ ಹೊಸದಾಗಿ ಲಾಗಿನ್ ಕೇಳಿದರೆ ಜೋಡಣೆ ಸರಿಯಾಗಿದೆ ಎಂದರ್ಥ.

ಸನ್ ಸಂಸ್ಥೆಯು 2010ರಲ್ಲಿ ಒರಾಕಲ್ ಪಾಲಾಯಿತು. ಅಮೆರಿಕದ ಎಒಎಲ್ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಆದರೂ ಫ್ರೀಬಿಎಸ್‌ಡಿಯ ಸೀರಿಯಲ್ ಪೋರ್ಟ್‌ಗಳು ಒಳಕರೆಗೊಂದು, ಹೊರಕರೆಗೊಂದು ಎಂಬ ಜೋಡಿ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿವೆ.